ಅನ್‌ಲಿಮಿಟೆಡ್ ಡೇಟಾ ಪ್ಲಾನ್: ಹಣ ಕಟ್ಟುವ ಮುನ್ನ ಮಿತಿಗಳನ್ನು ಅಳೆಯುವುದು ಹೇಗೆ?

ಮೊಬೈಲ್ ಕಂಪನಿಗಳ ಬಗ್ಗೆ ಗ್ರಾಹಕರ ದೂರುಗಳಲ್ಲಿ ಒಂದು ಎಲ್ಲ ಕಡೆಯೂ ಒಂದೇ ತೆರನಾಗಿ ಕೇಳಿಬರುತ್ತದೆ. ಅನ್‌ಲಿಮಿಟೆಡ್ ಎಂದು ಹೇಳಿ ಮಾರಿದ ಪ್ಲಾನ್‌ಗೆ ಹಣ ಕಟ್ಟಿದ್ದಾಗಿದೆ, ಆದರೆ ಅವಧಿ ಮುಗಿಯುವ ಮೊದಲೇ ನೆಟ್ ತೆವಳತೊಡಗಿದೆ; ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ ‘ನಿಮ್ಮ ಸಂಪರ್ಕ ಕಡಿತವಾಗಿಲ್ಲವಲ್ಲ’ ಎಂಬ ಉತ್ತರ. ಆ ಉತ್ತರದಲ್ಲಿ ಸುಳ್ಳಿಲ್ಲ ಎಂಬುದೇ ಹೆಚ್ಚು ಸಿಟ್ಟು ತರಿಸುವ ಸಂಗತಿ. ಕಂಪನಿ ಮಿತಿಯಿಲ್ಲದೆ ಕೊಡುವುದಾಗಿ ಹೇಳಿದ್ದು ಡೇಟಾದ ಪ್ರಮಾಣವನ್ನು. ವೇಗದ ಬಗ್ಗೆ ಜಾಹೀರಾತಿನ ದೊಡ್ಡ ಅಕ್ಷರಗಳು ಏನನ್ನೂ ಹೇಳಿರುವುದಿಲ್ಲ. ಆದ್ದರಿಂದ ಪ್ಲಾನ್ ಕೊಳ್ಳುವವರು ಮೊದಲು ತಿಳಿಯಬೇಕಾದ್ದು ಎರಡು ಸಂಖ್ಯೆಗಳನ್ನು: ಪೂರ್ಣ ವೇಗದಲ್ಲಿ ಎಷ್ಟು ಜಿಬಿ ಸಿಗುತ್ತದೆ ಮತ್ತು ಅದು ಮುಗಿದ ಬಳಿಕ ಎಷ್ಟು ವೇಗ ಉಳಿಯುತ್ತದೆ.

ಮೊದಲ ಹೆಜ್ಜೆ: ಷರತ್ತಿನ ಪುಟದಲ್ಲಿ ವೇಗವನ್ನು ಹುಡುಕಿ

ಕಂಪನಿಯ ವೆಬ್‌ಸೈಟ್‌ನಲ್ಲಿ ಪ್ಲಾನ್‌ನ ಹೆಸರಿನ ಕೆಳಗೆ ‘ಷರತ್ತುಗಳು ಅನ್ವಯ’ ಎಂದಿರುವ ಕಡೆ ಹೋಗಿ, ‘ಫೇರ್ ಯೂಸೇಜ್’ (ಪೂರ್ಣ ವೇಗದ ಬಳಕೆಗೆ ಇಟ್ಟ ಮಿತಿ, ಅಂದರೆ ಕೋಟಾ) ಅಥವಾ ‘ಕೋಟಾ ಮುಗಿದ ನಂತರ’ ಎಂಬ ಅಂಶವನ್ನು ಓದಬೇಕು. ಅಲ್ಲಿ ಸಾಮಾನ್ಯವಾಗಿ ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಲೆಕ್ಕದಲ್ಲಿ ಒಂದು ವೇಗವನ್ನು ನಮೂದಿಸಿರುತ್ತಾರೆ. ಈ ಅಳತೆ ಬಿಟ್‌ಗಳದ್ದು. ಫೋಟೊ, ವಿಡಿಯೊಗಳ ಗಾತ್ರವನ್ನು ನಾವು ಅಳೆಯುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ ಕಂಪನಿ ಹೇಳಿದ ಸಂಖ್ಯೆಯನ್ನು 8ರಿಂದ ಭಾಗಿಸಿಕೊಳ್ಳಬೇಕು.

ಉದಾಹರಣೆಗೆ, ಕೋಟಾ ಮುಗಿದ ಬಳಿಕ 64 ಕೆಬಿಪಿಎಸ್ ಎಂದಿದ್ದರೆ ಸೆಕೆಂಡಿಗೆ ಸಿಗುವುದು 8 ಕಿಲೋಬೈಟ್ ಮಾತ್ರ. 2 ಎಂಬಿಯ ಒಂದು ಫೋಟೊ ಇಳಿಯಲು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಯಬೇಕು. ಈ ವೇಗದಲ್ಲಿ ಫೋನು ಒಂದು ಕ್ಷಣವೂ ಬಿಡುವಿಲ್ಲದೆ ಇಡೀ ದಿನ, ಅಂದರೆ 86,400 ಸೆಕೆಂಡು, ಡೌನ್‌ಲೋಡ್ ಮಾಡುತ್ತಲೇ ಇದ್ದರೂ ಒಟ್ಟು ಸಿಗುವ ಡೇಟಾ 700 ಎಂಬಿಯನ್ನು ಮುಟ್ಟುವುದಿಲ್ಲ. ವೇಗಕ್ಕೆ ಕಡಿವಾಣ ಹಾಕಿದ ಮೇಲೆ ಪ್ರಮಾಣಕ್ಕೂ ಕಡಿವಾಣ ತಾನಾಗಿಯೇ ಬೀಳುತ್ತದೆ. ಅದನ್ನು ಬರೆದು ತೋರಿಸುವ ಅಗತ್ಯ ಕಂಪನಿಗೆ ಇರುವುದಿಲ್ಲ, ಅಷ್ಟೆ. ಇದೇ ಪುಟದಲ್ಲಿ ಕೋಟಾದ ನಂತರ 1 ಎಂಬಿಪಿಎಸ್ (1,000 ಕೆಬಿಪಿಎಸ್) ಅಥವಾ ಅದಕ್ಕೂ ಹೆಚ್ಚು ಎಂದಿದ್ದರೆ ಪರಿಸ್ಥಿತಿ ಬೇರೆ: ಸಂದೇಶ, ನಕಾಶೆ, ಸಂಗೀತ, ಹಣ ಪಾವತಿಯಂತಹ ಕೆಲಸಗಳು ಹೇಗೋ ನಡೆಯುತ್ತವೆ.

ಕೆಲವು ಪ್ಲಾನ್‌ಗಳಲ್ಲಿ ನಿಗದಿತ ವೇಗದ ಬದಲು ‘ದಟ್ಟಣೆಯ ವೇಳೆಯಲ್ಲಿ ಆದ್ಯತೆ ಕಡಿಮೆಯಾಗಬಹುದು’ ಎಂಬ ವಾಕ್ಯ ಇರುತ್ತದೆ. ಇಂತಿಷ್ಟು ಜಿಬಿ ದಾಟಿದ ಗ್ರಾಹಕ, ಟವರ್‌ನಲ್ಲಿ ಜನ ಹೆಚ್ಚಿದ್ದಾಗ ಸಾಲಿನ ಹಿಂದಕ್ಕೆ ಹೋಗುತ್ತಾನೆ. ಜನ ಕಡಿಮೆಯಾದಾಗ ಮತ್ತೆ ಪೂರ್ಣ ವೇಗ ಪಡೆಯುತ್ತಾನೆ. ನನ್ನ ಮಟ್ಟಿಗೆ ಇದು ನೇರ ಕಡಿತಕ್ಕಿಂತ ನ್ಯಾಯವಾದ ಕ್ರಮ. ಒಂದು ಟವರ್‌ನ ವ್ಯಾಪ್ತಿಯಲ್ಲಿರುವ ಎಲ್ಲರೂ ಅದೇ ತರಂಗಾಂತರವನ್ನು ಹಂಚಿಕೊಳ್ಳಬೇಕಾಗಿರುವುದರಿಂದ ಕಂಪನಿಗೆ ನಿಜವಾದ ಹೊರೆ ಬೀಳುವುದು ಸಂಜೆಯಂತಹ ಜನನಿಬಿಡ ವೇಳೆಯಲ್ಲಿ. ನಡುರಾತ್ರಿ ಖಾಲಿ ಬಿದ್ದಿರುವ ಟವರ್‌ನಿಂದ ಒಬ್ಬರು ಹತ್ತು ಜಿಬಿ ಇಳಿಸಿಕೊಂಡರೂ ಕಂಪನಿಗೆ ಹೆಚ್ಚಿನ ನಷ್ಟವೇನಿಲ್ಲ. ಆದರೂ ಬಹುತೇಕ ಕೋಟಾಗಳು ಆ ಹತ್ತು ಜಿಬಿಯನ್ನೂ ಸಂಜೆಯ ಹತ್ತು ಜಿಬಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ನೇರ ಕಡಿತದ್ದಿರಲಿ, ಆದ್ಯತೆಯದ್ದಿರಲಿ, ಈ ಷರತ್ತನ್ನು ಕೆಲಸಕ್ಕಾಗಿ ನೆಟ್ ನಂಬಿಕೊಂಡವರು ಎರಡು ಬಾರಿ ಓದಬೇಕು. 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಂಡೊಸಿನೊ ಕಾಂಪ್ಲೆಕ್ಸ್ ಕಾಳ್ಗಿಚ್ಚು ಹಬ್ಬಿದ್ದಾಗ, ಸಾಂತಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳದ ನಿಯಂತ್ರಣ ವಾಹನದ ನೆಟ್ ವೇಗವನ್ನು ವೆರೈಝನ್ ಕಂಪನಿ ಸುಮಾರು ಇನ್ನೂರನೇ ಒಂದು ಭಾಗಕ್ಕೆ ಇಳಿಸಿತ್ತು. ದುಬಾರಿ ಪ್ಲಾನ್‌ಗೆ ಬದಲಾಗುವಂತೆ ಕಂಪನಿಯ ಸಿಬ್ಬಂದಿ ಸಲಹೆ ನೀಡಿದ್ದು ಬಹಿರಂಗವಾದ ಮೇಲೆ, ತುರ್ತು ಸಂದರ್ಭದಲ್ಲಿ ನಿರ್ಬಂಧ ತೆಗೆಯದಿದ್ದುದು ತನ್ನ ಗ್ರಾಹಕ ಸೇವೆಯ ತಪ್ಪು ಎಂದು ಕಂಪನಿ ಒಪ್ಪಿಕೊಂಡಿತು. ಆ ದಳ ಬಳಸುತ್ತಿದ್ದುದೂ ಅನ್‌ಲಿಮಿಟೆಡ್ ಪ್ಲಾನ್ ಅನ್ನೇ.

ಇದಲ್ಲದೆ ಹಾಟ್‌ಸ್ಪಾಟ್‌ಗೆ ಪ್ರತ್ಯೇಕ ಮಿತಿ, ವಿಡಿಯೊ ಗುಣಮಟ್ಟಕ್ಕೆ 480ಪಿ ಮಿತಿ, ರೋಮಿಂಗ್‌ನಲ್ಲಿ ಬೇರೆ ಲೆಕ್ಕ, ವಾಣಿಜ್ಯ ಬಳಕೆಗೆ ನಿಷೇಧ – ಇವು ಇವೆಯೇ ಎಂದು ಒಮ್ಮೆ ಕಣ್ಣಾಡಿಸಿದರೆ ಸಾಕು.

ಎರಡನೇ ಹೆಜ್ಜೆ: ನಿಮ್ಮ ಬಳಕೆಯನ್ನು ಫೋನಿನಲ್ಲೇ ನೋಡಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದ ‘ಡೇಟಾ ಬಳಕೆ’ ತೆರೆದರೆ ಯಾವ ಆ್ಯಪ್ ಎಷ್ಟು ಡೇಟಾ ನುಂಗಿದೆ ಎಂಬ ಪಟ್ಟಿ ಸಿಗುತ್ತದೆ. ಬಿಲ್ಲಿಂಗ್ ಅವಧಿ ಶುರುವಾಗುವ ದಿನಾಂಕವನ್ನು ಅಲ್ಲಿಯೇ ನಮೂದಿಸಬಹುದು. ಇಂತಿಷ್ಟಾದಾಗ ಎಚ್ಚರಿಸು, ಇಂತಿಷ್ಟಾದಾಗ ನಿಲ್ಲಿಸು ಎಂದು ಆದೇಶಿಸಲೂಬಹುದು. ಐಫೋನ್‌ನಲ್ಲಿ ‘ಮೊಬೈಲ್ ಡೇಟಾ’ ವಿಭಾಗದಲ್ಲಿ ಕಾಣುವ ‘ಪ್ರಸ್ತುತ ಅವಧಿ’ಯ ಲೆಕ್ಕ ತಾನಾಗಿ ಸೊನ್ನೆಗೆ ಮರಳುವುದಿಲ್ಲ, ಪ್ರತಿ ಅವಧಿಯ ಮೊದಲ ದಿನ ಪುಟದ ಕೊನೆಯಲ್ಲಿರುವ ರೀಸೆಟ್ ಒತ್ತಬೇಕು. ಫೋನಿನ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಇರುವುದು ಸಹಜ, ಬಿಲ್ಲಿಗೆ ಆಧಾರವಾಗುವುದು ಕಂಪನಿಯದ್ದು.

ಪಟ್ಟಿಯ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ವಿಡಿಯೊ ಇರುತ್ತದೆ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿಯವರೆಗೂ ಬಳಸಬಲ್ಲದು. ಸಾಧಾರಣ ಗುಣಮಟ್ಟದಲ್ಲಿ ಅದೇ ಗಂಟೆ 1 ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಗೈಯಗಲದ ತೆರೆಯಲ್ಲಿ ಇವೆರಡರ ನಡುವಿನ ಅಂತರವನ್ನು ಗುರುತಿಸುವವರು ಕಡಿಮೆ. ಗಮನಕ್ಕೆ ಬಾರದ ಸೋರಿಕೆಗಳೂ ಇರುತ್ತವೆ: ಮೊಬೈಲ್ ಡೇಟಾದಲ್ಲೇ ಫೋಟೊ ಬ್ಯಾಕಪ್ ಆಗುವುದು, ತಾನಾಗಿ ಓಡುವ ವಿಡಿಯೊಗಳು, ವೈ–ಫೈ ದುರ್ಬಲವಾದಾಗ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುವುದು. ಐಫೋನ್‌ನಲ್ಲಿ ಈ ಕೊನೆಯ ಸೌಲಭ್ಯದ ಹೆಸರು ‘ವೈ–ಫೈ ಅಸಿಸ್ಟ್’, ಬೇಡವಾದವರು ಆಫ್ ಮಾಡಬಹುದು.

ಮೂರನೇ ಹೆಜ್ಜೆ: ದರವನ್ನು ಬಳಕೆಯಿಂದ ಭಾಗಿಸಿ

ಅವಧಿಯ ದರವನ್ನು ಪ್ಲಾನ್ ಕೊಡುವ ಜಿಬಿಯಿಂದ ಭಾಗಿಸುವುದು ಕಂಪನಿಗೆ ಅನುಕೂಲವಾದ ಲೆಕ್ಕ. ನೀವು ನಿಜವಾಗಿ ಬಳಸಿದ, ಅದೂ ಪೂರ್ಣ ವೇಗದಲ್ಲಿ ಬಳಸಿದ ಜಿಬಿಯಿಂದ ಭಾಗಿಸಿ.

ದಿನಕ್ಕೆ 2 ಜಿಬಿ ಕೊಡುವ 30 ದಿನಗಳ ಪ್ಲಾನ್ ಒಂದಿದೆ ಎಂದುಕೊಳ್ಳಿ. ಕಾಗದದ ಮೇಲೆ ಅದು 60 ಜಿಬಿ. ಗ್ರಾಹಕರೊಬ್ಬರು 26 ದಿನ ತಲಾ 1 ಜಿಬಿ ಬಳಸುತ್ತಾರೆ, ನಾಲ್ಕು ಭಾನುವಾರ ತಲಾ 5 ಜಿಬಿ ಬೇಕಾಗುತ್ತದೆ. ಭಾನುವಾರಗಳಲ್ಲಿ 2 ಜಿಬಿಗೇ ವೇಗ ಕುಸಿಯುವುದರಿಂದ ಅವರಿಗೆ ಪೂರ್ಣ ವೇಗದಲ್ಲಿ ದಕ್ಕುವುದು ಒಟ್ಟು 34 ಜಿಬಿ. ಉಳಿದ 26 ಜಿಬಿ ಬಳಕೆಯಾಗದೆ ರದ್ದಾಗುತ್ತದೆ, ನಾಲ್ಕು ದಿನ ಪರದಾಟವೂ ತಪ್ಪುವುದಿಲ್ಲ. ಅವರಿಗೆ ನಿಜಕ್ಕೂ ಬೇಕಾಗಿದ್ದುದು 46 ಜಿಬಿ. ದಿನದ ಮಿತಿಯಿಲ್ಲದೆ ಇಡೀ ಅವಧಿಗೆ 50 ಜಿಬಿ ಕೊಡುವ ಪ್ಲಾನ್, ಸಂಖ್ಯೆಯಲ್ಲಿ ಚಿಕ್ಕದಾದರೂ, ಇವರ ಪಾಲಿಗೆ ದೊಡ್ಡದು. ದಿನವೂ ಒಂದೇ ಪ್ರಮಾಣದಲ್ಲಿ ಬಳಸುವವರಿಗೆ ಮಾತ್ರ ದಿನದ ಕೋಟಾ ಲಾಭ ತರುತ್ತದೆ, ಅಂಥವರು ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ.

ಅವಧಿಯ ದಿನಗಳನ್ನೂ ನೋಡಿ. 28 ದಿನಗಳ ಪ್ಲಾನ್ ಕೊಂಡವರು ವರ್ಷಕ್ಕೆ 13 ಬಾರಿ ಹಣ ಕಟ್ಟುತ್ತಾರೆ.

ನಾಲ್ಕನೇ ಹೆಜ್ಜೆ: ವೇಗ ಕುಸಿದಾಗ ಕಾರಣ ಪತ್ತೆ ಮಾಡಿ

ನಿಧಾನಕ್ಕೆ ಮೂರು ಕಾರಣಗಳಿರಬಹುದು: ಕಂಪನಿಯ ಕಡಿವಾಣ, ಟವರ್‌ನ ದಟ್ಟಣೆ, ದುರ್ಬಲ ಸಿಗ್ನಲ್. ವೈ–ಫೈ ಆಫ್ ಮಾಡಿ, ಒಂದೇ ಜಾಗದಲ್ಲಿ ಕುಳಿತು, ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ವೇಗ ಪರೀಕ್ಷೆ ಮಾಡಿ. ಎರಡು ವೇಳೆಯಲ್ಲೂ ಫಲಿತಾಂಶ ಒಂದೇ ಚಿಕ್ಕ ಸಂಖ್ಯೆಗೆ ಗೆರೆ ಎಳೆದಂತೆ ನಿಂತಿದ್ದರೆ, ಮತ್ತು ಆ ಸಂಖ್ಯೆ ಷರತ್ತಿನ ಪುಟದಲ್ಲಿ ಕಂಡ ವೇಗಕ್ಕೆ ಹತ್ತಿರವಿದ್ದರೆ, ಅದು ಕಡಿವಾಣ. ಬೆಳಗ್ಗೆ ಚುರುಕಾಗಿದ್ದು ಸಂಜೆ ಮಾತ್ರ ಕುಸಿದರೆ ದಟ್ಟಣೆ. ಕಿಟಕಿಯ ಬಳಿ ಹೋದೊಡನೆ ಸುಧಾರಿಸಿದರೆ ಸಿಗ್ನಲ್‌ನದ್ದೇ ದೋಷ. ದುಬಾರಿ ಪ್ಲಾನ್ ಹಾಕಿಸಿದರೂ ಇದು ಸರಿಹೋಗುವುದಿಲ್ಲ.

ವಿಡಿಯೊ ಮಾತ್ರ ಮಸುಕಾಗುತ್ತಿದ್ದರೆ ಫಾಸ್ಟ್ ಡಾಟ್ ಕಾಮ್‌ನಲ್ಲೂ ಪರೀಕ್ಷಿಸಿ. ಅದು ನೆಟ್‌ಫ್ಲಿಕ್ಸ್ 2016ರಲ್ಲಿ ಆರಂಭಿಸಿದ, ತನ್ನದೇ ಸರ್ವರ್‌ಗಳಿಂದ ಅಳೆಯುವ ಸೇವೆ. ಬೇರೆ ಪರೀಕ್ಷೆಯಲ್ಲಿ ಹೆಚ್ಚು ವೇಗ ತೋರಿಸಿ ಇದರಲ್ಲಿ ತೀರ ಕಡಿಮೆ ತೋರಿಸಿದರೆ, ವಿಡಿಯೊವನ್ನು ಬೇರೆಯಾಗಿ ಹಿಡಿದಿಟ್ಟಿರುವ ಸಾಧ್ಯತೆ ಹೆಚ್ಚು. ಅಂದಹಾಗೆ, ವೇಗದ 5ಜಿ ಸಂಪರ್ಕದಲ್ಲಿ ಒಂದೊಂದು ಪರೀಕ್ಷೆಯೂ ನೂರಾರು ಎಂಬಿ ತಿನ್ನಬಲ್ಲದು. ಕೋಟಾದ ಕೊನೆಯಂಚಿನಲ್ಲಿ ಇದನ್ನು ಆಟವಾಗಿ ಮಾಡಬೇಡಿ.

ಐದನೇ ಹೆಜ್ಜೆ: ದೂರನ್ನು ಬರಹದಲ್ಲಿ ಕೊಡಿ

‘ನೆಟ್ ಸ್ಲೋ ಇದೆ’ ಎಂಬ ದೂರಿಗೆ ‘ಫೋನ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರವೇ ಸಿಗುತ್ತದೆ. ಪ್ಲಾನ್‌ನ ಪೂರ್ಣ ಹೆಸರು, ಅವಧಿ ಶುರುವಾದ ದಿನಾಂಕ, ಈವರೆಗಿನ ಬಳಕೆ, ಪರೀಕ್ಷೆಯ ಸ್ಕ್ರೀನ್‌ಶಾಟ್‌ಗಳು – ಇಷ್ಟನ್ನು ಇ–ಮೇಲ್ ಅಥವಾ ಆ್ಯಪ್ ಮೂಲಕ ಕಳುಹಿಸಿ, ನನ್ನ ಸಂಪರ್ಕದ ವೇಗವನ್ನು ಇಳಿಸಲಾಗಿದೆಯೇ, ಇಳಿಸಿದ್ದರೆ ಯಾವ ಷರತ್ತಿನ ಅಡಿಯಲ್ಲಿ ಎಂದು ನೇರವಾಗಿ ಕೇಳಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಮೇಲ್ಮನವಿಗೆ ಅಥವಾ ನಿಯಂತ್ರಣ ಸಂಸ್ಥೆಯ ಬಳಿ ಹೋದಾಗ ಮೊದಲು ಕೇಳುವುದು ಅದನ್ನೇ. ಕೊಂಡ ದಿನದ ಷರತ್ತಿನ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಂಡಿರುವುದೂ ಮುಖ್ಯ, ಏಕೆಂದರೆ ವೆಬ್‌ಸೈಟ್‌ನ ಪುಟಗಳು ಬದಲಾಗುತ್ತವೆ.

ದೂರಿನಿಂದ ಏನೂ ಆಗದು ಎನ್ನುವವರಿಗೆ ಒಂದು ಪ್ರಕರಣವಿದೆ. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ಅನ್‌ಲಿಮಿಟೆಡ್ ಪ್ಲಾನ್ ಹೊಂದಿದ್ದವರ ವೇಗವನ್ನು 2011ರಿಂದ ಇಳಿಸತೊಡಗಿತ್ತು. ಕೆಲವರಿಗೆ ಒಂದು ಬಿಲ್ಲಿಂಗ್ ಅವಧಿಯಲ್ಲಿ 2 ಜಿಬಿ ಬಳಸಿದ್ದಕ್ಕೇ ಈ ಶಿಕ್ಷೆಯಾಗಿತ್ತು. ಈ ನಿರ್ಬಂಧವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ಅಲ್ಲಿನ ಗ್ರಾಹಕ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಮೊಕದ್ದಮೆ ಹೂಡಿತು. 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ವೇಗ ಇಳಿಸುವುದನ್ನು ಆ ಒಪ್ಪಂದ ನಿಷೇಧಿಸಲಿಲ್ಲ, ಆದರೆ ಮಿತಿಯನ್ನು ಎದ್ದು ಕಾಣುವಂತೆ ಹೇಳದೆ ಅನ್‌ಲಿಮಿಟೆಡ್ ಎಂದು ಜಾಹೀರಾತು ನೀಡಬಾರದು ಎಂದು ಕಟ್ಟುಮಾಡಿತು.

ಉತ್ತರ ತೃಪ್ತಿಕರವಾಗಿರದಿದ್ದರೆ ಮೊಬೈಲ್ ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಅದಕ್ಕೂ ಮೊದಲು ಹೊಸ ಕಂಪನಿಯ ಅತಿ ಚಿಕ್ಕ ಅವಧಿಯ ಪ್ಲಾನ್ ಇರುವ ಪ್ರತ್ಯೇಕ ಸಿಮ್ ಅಥವಾ ಇ–ಸಿಮ್ ಅನ್ನು ಎರಡನೆಯದಾಗಿ ಹಾಕಿ, ನೀವು ಹೆಚ್ಚು ಹೊತ್ತು ಇರುವ ಜಾಗದಲ್ಲಿ ಸಂಜೆಯ ವೇಳೆ ವೇಗ ನೋಡಿ. ವಾರ್ಷಿಕ ಪ್ಲಾನ್‌ನ ರಿಯಾಯಿತಿಗೆ ಮನಸೋಲುವುದು ಆ ಪರೀಕ್ಷೆಯ ನಂತರವೇ ಇರಲಿ. ಮುಂಗಡ ಕಟ್ಟಿದ ಹಣ ಕಂಪನಿ ಬದಲಿಸಿದಾಗ ನಿಮ್ಮ ಜೊತೆ ಬರುವುದಿಲ್ಲ.