ಶೆಟ್ಟರ ಅಂಗಡಿಗೆ ಉಲ್ಲನ್ ತರಕಾರಿ

ನಮ್ಮಮ್ಮನ ಹತ್ತಿರ ಒಂದು ಬಟ್ಟೆ ಚೀಲ ಇದೆ. ಅದರ ತುಂಬ ಉಲ್ಲನ್ ಚೂರುಪಾರು. ಮೊಮ್ಮಕ್ಕಳ ಸ್ವೆಟರು, ಕುಲಾವಿ, ಬಾಗಿಲ ತೋರಣ ಎಲ್ಲ ಹೆಣೆದು ಮಿಕ್ಕಿದ್ದು. ಯಾವ ಉಂಡೆಯೂ ನಿಂಬೆಹಣ್ಣಿಗಿಂತ ದೊಡ್ಡದಲ್ಲ. ಎಸೆಯೋಕೆ ಅಮ್ಮ ಬಿಡಲ್ಲ, ಏನಾದರೂ ಮಾಡೋಣ ಅಂದರೆ ಯಾವ ಬಣ್ಣವೂ ಸಾಲಲ್ಲ.

ನನಗೆ ಕಡ್ಡಿ ಹಿಡಿದು ಹೆಣೆಯೋಕೆ ಬರಲ್ಲ. ಎರಡು ಸಲ ಕಲಿಯೋಕೆ ಹೋಗಿ ಬಿಟ್ಟಿದ್ದೇನೆ. ಲೂಮ್ ಮಾತ್ರ ಬರುತ್ತೆ. ಗೊತ್ತಿಲ್ಲದವರಿಗೆ ಹೇಳೋದಾದರೆ, ಅದೊಂದು ಪ್ಲಾಸ್ಟಿಕ್ ರಿಂಗು, ಸುತ್ತ ಸಾಲಾಗಿ ಗೂಟಗಳು. ಎಲ್ಲ ಗೂಟಕ್ಕೂ ಒಂದೊಂದು ಸುತ್ತು ದಾರ ಸುತ್ತಬೇಕು, ಅದರ ಮೇಲೆ ಇನ್ನೊಂದು ಸುತ್ತು, ಆಮೇಲೆ ಕೆಳಗಿನ ಕುಣಿಕೆಯನ್ನು ಕೊಕ್ಕೆಯಲ್ಲಿ ಎತ್ತಿ ಮೇಲಿನ ಕುಣಿಕೆ ದಾಟಿಸಿ ರಿಂಗಿನ ಒಳಗಡೆಗೆ ಹಾಕಬೇಕು. ಇದನ್ನೇ ಮಾಡ್ತಾ ಇದ್ದರೆ ಒಳಗಿನಿಂದ ಚೀಲದ ಹಾಗೆ ಇಳಿಯುತ್ತಾ ಹೋಗುತ್ತೆ. ಟೀವಿ ನೋಡ್ತಾ ಮಾಡಬಹುದು, ಲೆಕ್ಕ ತಪ್ಪಿದರೂ ಅಂಥಾ ಅನಾಹುತ ಏನೂ ಆಗಲ್ಲ.

ನಾವು ಮೈಸೂರಿನವರು, ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ ರಾಜ ರಾಣಿ, ಕೆಳಗಡೆ ಶೆಟ್ಟರು ಶೆಟ್ಟಮ್ಮ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಈ ಅಂಗಡಿಗೆ ಒಂದಿಷ್ಟು ತರಕಾರಿ ಸೇರಿಸಿದರೆ ಹೇಗೆ ಅಂತ ನನಗೆ ತಲೆಗೆ ಬಂತು. ಅಮ್ಮ ಕೇಳಿದ ತಕ್ಷಣ, "ಶೆಟ್ಟರು ದಿನಸಿ ಮಾರ್ತಾರೆ ಕಣೇ, ತರಕಾರಿ ಅಲ್ಲ" ಅಂದರು. ಆದರೂ ಚೀಲ ಕೊಟ್ಟರು.

ಮೊದಲು ಕುಂಬಳಕಾಯಿ. ನನ್ನ ಹತ್ತಿರ ಇರೋದರಲ್ಲಿ ಚಿಕ್ಕ ರಿಂಗು 24 ಗೂಟದ್ದು. ನಮ್ಮಲ್ಲಿ ಸಿಗೋ 4 ಪ್ಲೈ ದಾರ ಅದಕ್ಕೆ ಬಹಳ ತೆಳು, ಒಂದೇ ಎಳೆ ಹಾಕಿದರೆ ಜರಡಿ ಥರ ಕಾಣುತ್ತೆ, ಹಾಗಾಗಿ ಎರಡೆಳೆ ಸೇರಿಸಿ 20 ಸುತ್ತು ಹೆಣೆದೆ. ಎರಡೂ ತುದಿ ಸುರುಗಿ, ಒಳಗೆ ಹಳೆ ದಿಂಬಿನ ಹತ್ತಿ ತುಂಬಿ, ಬಹಳ ಖುಷಿಯಾಗಿ ತಗೊಂಡು ಹೋಗಿ ಶೆಟ್ಟರ ಪಕ್ಕ ಇಟ್ಟೆ. ಶೆಟ್ಟರ ಹೊಟ್ಟೆಗಿಂತ ಕುಂಬಳಕಾಯಿ ದಪ್ಪ! ಅಷ್ಟೇ ಅಲ್ಲ, ಇದ್ದ ಕಿತ್ತಳೆ ಬಣ್ಣ ಪೂರ್ತಿ ಅದಕ್ಕೇ ಖಾಲಿ. ಬಿಚ್ಚಿದೆ. ಲೂಮಿನಲ್ಲಿ ಹೆಣೆದದ್ದು ಬಿಚ್ಚೋದು ಸುಲಭ, ತುದಿ ಹಿಡಿದು ಎಳೆದರೆ ಸರಸರ ಬರುತ್ತೆ.

ಆಮೇಲೆ ಲೂಮನ್ನೇ ಚಿಕ್ಕದು ಮಾಡಿಕೊಂಡೆ. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯೋ ರಟ್ಟಿನ ಕೊಳವೆ ತಗೊಂಡು, ಸುತ್ತ 8 ಐಸ್‌ಕ್ರೀಮ್ ಕಡ್ಡಿ ಇಟ್ಟು ರಬ್ಬರ್‌ಬ್ಯಾಂಡ್ ಹಾಕಿದೆ. ಕಡ್ಡಿಗಳ ನಡುವಿನ ಜಾಗ ಸಮ ಮಾಡಿಕೊಂಡ ಮೇಲೆ ಟೇಪು ಸುತ್ತಿದೆ. ಮೊದಲೇ ಟೇಪು ಹಾಕಿದರೆ ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ಬಾಯಿ ಬಿಟ್ಟ ಹಾಗೆ ಆಗುತ್ತೆ. ಕಡ್ಡಿ ಕೊಳವೆಯಿಂದ ಎರಡು ಸೆಂಟಿಮೀಟರ್ ಮೇಲೆ ಇರಬೇಕು, ಕಮ್ಮಿ ಇದ್ದರೆ ಕುಣಿಕೆ ಹಾರಿ ಹೋಗುತ್ತೆ. ಮರದ ಸಿಬಿರಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು, ಉಗುರು ಉಜ್ಜೋ ಫೈಲಿನಲ್ಲಿ ಅಂಚು ನಯ ಮಾಡಿದೆ. ಪ್ಲಾಸ್ಟಿಕ್ ಗೂಟದಲ್ಲಿ ಕೊಕ್ಕೆ ನುಗ್ಗೋಕೆ ಒಂದು ಗೀರು ಇರುತ್ತೆ, ಕಡ್ಡಿಯಲ್ಲಿ ಇರಲ್ಲ. ಅದಕ್ಕೆ ಕೊಕ್ಕೆ ಬಿಟ್ಟು ದಬ್ಬಣದ ಮೊಂಡು ತುದಿಯಲ್ಲೇ ಎತ್ತಿದೆ. ದಾರ ಬಿಗಿಯಾಗಿ ಎಳೆದು ಸುತ್ತಬೇಡಿ, ದಬ್ಬಣವೂ ಹೋಗಲ್ಲ, ಕಡ್ಡಿಗಳೂ ಒಳಗೆ ವಾಲುತ್ತವೆ.

ಈ ಕೊಳವೆಯಲ್ಲಿ 12 ಸುತ್ತು ಹೆಣೆದರೆ ಶೆಟ್ಟರ ಅಳತೆಗೆ ಸರಿಯಾದ ಕುಂಬಳಕಾಯಿ. ಕೊನೆಯಲ್ಲಿ ದಾರ ಒಂದು ಗೇಣು ಬಿಟ್ಟು ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ, ಎಂಟೂ ಕುಣಿಕೆಯೊಳಗೆ ದಾಟಿಸಿ ಕಡ್ಡಿಯಿಂದ ಬಿಡಿಸಿ ಎಳೆದರೆ ಬಾಯಿ ಮುಚ್ಚುತ್ತೆ. ತುಂಬಿಸಿದ ಮೇಲೆ ಕೆಳಗಿನ ತುದಿಯನ್ನೂ ಹಾಗೇ ಸುರುಗಬೇಕು. ಇನ್ನು ಹೋಳಿನ ಗೆರೆ. ದಬ್ಬಣವನ್ನು ಕೆಳಗಿನ ನಡುವಿನಿಂದ ಮೇಲಿನ ನಡುವಿಗೆ ತೂರಿಸಿ, ದಾರವನ್ನು ಹೊರಗಿನಿಂದ ಇಳಿಸಿ, ಮತ್ತೆ ಕೆಳಗಿನಿಂದ ತೂರಿಸಿ ಎಳೆಯಬೇಕು. ಇಂಥ ಆರು ಎಳೆತಕ್ಕೆ ಚೆಂಡು ಹೋಗಿ ಕುಂಬಳಕಾಯಿ ಆಗುತ್ತೆ. ಆ ಕ್ಷಣ ನೋಡೋಕೆ ನನಗೆ ತುಂಬ ಇಷ್ಟ, ಸುಮ್ನೆ ಎರಡು ಜಾಸ್ತಿ ಮಾಡಿದೆ.

ತುಂಬೋ ವಿಷಯದಲ್ಲಿ ಒಂದು ಮಾತು. ಬದನೆಕಾಯಿಗೆ ಬಿಳಿ ಹತ್ತಿ ತುಂಬಿದ್ದೆ, ನೇರಳೆ ಬಣ್ಣದ ಸಂದಿಯಲ್ಲೆಲ್ಲ ಬಿಳಿ ಇಣುಕಿ ಬೂದಿ ಬಡಿದ ಬದನೆ ಆಯ್ತು. ಈಗ ಅದೇ ಬಣ್ಣದ ತುಂಡು ದಾರಗಳನ್ನೇ ತುಂಬುತ್ತೇನೆ. ಬೆರಳುದ್ದ ಇರೋ ಚೂರೂ ದಂಡ ಆಗಲ್ಲ.

ಪಡವಲಕಾಯಿ ಕಥೆ ಬೇರೆ. ಇನ್ನೊಂದು ಕೊಳವೆಗೆ ನಾಲ್ಕೇ ಕಡ್ಡಿ ಕಟ್ಟಿ, ಬಿಳಿ ಹಸಿರು ಎಳೆ ಸೇರಿಸಿ ಉದ್ದಕ್ಕೆ ಹೆಣೆದೆ. ನೆಟ್ಟಗೆ ಬರಲೇ ಇಲ್ಲ, ತಿರುಚಿಕೊಂಡೇ ಇಳಿಯುತ್ತಿತ್ತು. ಯಾಕೆ ಅಂದರೆ ಗೂಟಕ್ಕೆ ಪೂರ್ತಿ ಸುತ್ತು ಹಾಕಿದಾಗ ಪ್ರತಿ ಕುಣಿಕೆಯೂ ಒಂದೇ ಕಡೆಗೆ ತಿರುಚಿ ಕೂರುತ್ತೆ, ಎಲ್ಲ ಸೇರಿ ಕೊಳವೆಯನ್ನೇ ತಿರುಗಿಸುತ್ತವೆ. ದಾರವನ್ನು ಸುತ್ತದೆ ಗೂಟದ ಮುಂದೆ, ಹಳೆ ಕುಣಿಕೆಯ ಮೇಲ್ಗಡೆ ಸುಮ್ನೆ ಅಡ್ಡ ಹಿಡಿದು ದಾಟಿಸಿದರೆ ತಿರುಚಲ್ಲ, ಹೆಣಿಗೆ ಇನ್ನೂ ಒತ್ತಾಗಿಯೂ ಬರುತ್ತೆ. ಆದರೆ ನಾನು ಬಿಚ್ಚಲಿಲ್ಲ. ತೋಟದಲ್ಲಿ ಪಡವಲಕಾಯಿ ಸೊಟ್ಟ ಆಗುತ್ತೆ ಅಂತ ತುದಿಗೆ ಕಲ್ಲು ಕಟ್ಟಿ ಬಿಡ್ತಾರಲ್ಲ, ನಾನೂ ತುದಿಗೆ ಒಂದು ಚಿಕ್ಕ ಕಲ್ಲು ಕಟ್ಟಿ ಮೆಟ್ಟಿಲ ಅಂಚಿನಿಂದ ಇಳಿಬಿಟ್ಟೆ. ಬಂದವರೆಲ್ಲ ಮೊದಲು ನೋಡಿದ್ದು ಅದನ್ನೇ.

ನಮ್ಮತ್ತೆ ಉಡುಪಿ ಕಡೆಯವರು. ಬದನೆ ನೋಡಿ, "ಮಟ್ಟುಗುಳ್ಳ ಇಲ್ವಾ?" ಅಂದರು. 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನೋ ಅಧಿಕೃತ ಗುರುತು, ಸಿಕ್ಕಿದ ಬದನೆ ಅದು, ಇಲ್ಲ ಅನ್ನೋಕಾಗುತ್ತಾ? ತಿಳಿಹಸಿರಲ್ಲಿ ಗುಂಡಗೆ ಹೆಣೆದು, ಬಿಳಿ ದಾರದಲ್ಲಿ ಗೆರೆ ಹೊಲಿದೆ. ತೊಟ್ಟಿನ ಮುಳ್ಳು ನನ್ನ ಕೈಲಿ ಆಗಲಿಲ್ಲ. ಅತ್ತೆ ಹಿಡಿದು ತಿರುಗಿಸಿ ನೋಡಿ "ಅಡ್ಡಿಲ್ಲ" ಅಂದರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಡುಗೆಮನೆಯ ತೂಕದ ಯಂತ್ರ. ಒಂದು ಪುಟ್ಟ ಕುಂಬಳಕಾಯಿಗೆ ಮೊದಲು ಉಂಡೆ ತೂಗಿದೆ, ಆದ ಮೇಲೆ ತೂಗಿದೆ, ವ್ಯತ್ಯಾಸ ನಾಲ್ಕು ಗ್ರಾಂ. ಬಿಚ್ಚಿ ಹಾಕಿದ ದೊಡ್ಡದಕ್ಕೆ ಇಪ್ಪತ್ತರ ಹತ್ತಿರ ಹೋಗಿತ್ತು. ಅಲ್ಲಿಂದ ಚೀಲ ನೋಡೋ ರೀತಿಯೇ ಬದಲಾಯ್ತು. ಏನು ಮಾಡಬೇಕು ಅಂತ ಮೊದಲು ಯೋಚಿಸಿ ದಾರ ಹುಡುಕೋದು ಬಿಟ್ಟೆ. ಉಂಡೆ ತೂಗಿ ಚೀಟಿ ಸಿಕ್ಕಿಸಿದೆ. ಎಂಟು ಗ್ರಾಂ ಕೆಂಪು ಇದ್ದರೆ ಎರಡು ಟೊಮೆಟೊ, ಒಂದೂವರೆ ಗ್ರಾಂ ಇದ್ದರೆ ಮೆಣಸಿನಕಾಯಿ. ಎರಡೆಳೆ ಬೇಕಾದ್ದರಿಂದ ಉಂಡೆಯನ್ನು ಮೊದಲೇ ಅರ್ಧರ್ಧ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹತ್ತನೇ ಸುತ್ತಿಗೆ ಒಂದೆಳೆ ಮುಗಿದು ಪೇಚಾಟ.

ಇನ್ನೊಂದು. ಉಲ್ಲನ್ ಅಂತ ನಾವು ಕರೆಯೋದು ಹೆಚ್ಚಿನದೆಲ್ಲ ಅಕ್ರಿಲಿಕ್. ಬೆಂಕಿ ತಾಗಿದರೆ ಕರಗಿ ಅಂಟುತ್ತೆ. ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ, ಆರತಿ ತಟ್ಟೆ, ದೀಪದಿಂದಲೂ ದೂರ ಇಡಿ. ನಾವು ಅಂಗಡಿಯನ್ನು ದೀಪದಿಂದ ದೂರ, ಆಚೆ ಮೂಲೆಗೆ ಸರಿಸಿದೆವು.

ಹಬ್ಬದಲ್ಲಿ ಸಂಜೆ ಬೀದಿ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಅಂತ ಬಂದು, ಬೊಂಬೆ ಬಾಗಿನ ಇಸ್ಕೊಂಡು ಹೋಗುವಾಗ ಒಂದೆರಡು ಈರುಳ್ಳಿಯೂ ಹೋಯಿತು. ನಾಲ್ಕು ಗ್ರಾಂ ತಾನೇ, ಹೋಗಲಿ. ಆರನೇ ದಿನ ಅಮ್ಮ ಶೆಟ್ಟಮ್ಮನ ಮುಂದಿನ ಬುಟ್ಟಿ ನೋಡ್ತಾ ನಿಂತರು. ಈಗಲಾದರೂ ಚೆನ್ನಾಗಿದೆ ಅಂತಾರೆ ಅಂದುಕೊಂಡೆ.

"ತರಕಾರಿ ಅಂಗಡಿ ಅಂತೀಯ, ಕೊಸರಿಗೆ ಒಂದೆಸಳು ಕರಿಬೇವು ಇಟ್ಟಿಲ್ವಲ್ಲೇ?"

ಅದನ್ನು ಲೂಮಿನಲ್ಲಿ ಹೇಗೆ ಹೆಣೆಯೋದು ಅಂತ ಇನ್ನೂ ಹೊಳೆದಿಲ್ಲ. ಹಸಿರು ಮೂರು ಗ್ರಾಂ ಎತ್ತಿಟ್ಟಿದ್ದೇನೆ.