ತೆರೆದ ಚಾವಣಿಯ ಸ್ಪೋರ್ಟ್ಸ್ ಕಾರು: ಬೆಂಗಳೂರಿನಲ್ಲಿ ಟೆಸ್ಟ್ ಡ್ರೈವ್ ಮಾಡುವ ಬಗೆ

ಐಷಾರಾಮಿ ಕನ್ವರ್ಟಿಬಲ್ ಕಾರನ್ನು, ಅಂದರೆ ಚಾವಣಿ ತೆರೆದು ಮುಚ್ಚಬಹುದಾದ ಕಾರನ್ನು, ಟೆಸ್ಟ್ ಡ್ರೈವ್‌ಗೆ ಒಯ್ದವರು ಸಾಮಾನ್ಯವಾಗಿ ಅದರ ವೇಗಕ್ಕೆ ಬೆರಗಾಗಿ ಷೋರೂಮಿಗೆ ಮರಳುತ್ತಾರೆ. ಆದರೆ ಆ ವೇಗದ ಬಗ್ಗೆ ಅನುಮಾನಪಡಲು ಕಾರಣವೇ ಇಲ್ಲ. 2023ರಲ್ಲಿ 2.35 ಕೋಟಿ ರೂಪಾಯಿಯ ಎಕ್ಸ್‌ಷೋರೂಮ್ ಬೆಲೆಯೊಂದಿಗೆ ಭಾರತಕ್ಕೆ ಬಂದ ಮರ್ಸಿಡಿಸ್-ಎಎಂಜಿ ಎಸ್‌ಎಲ್ 55 ಕಾರಿನ 4 ಲೀಟರಿನ ವಿ8 ಎಂಜಿನ್ 476 ಅಶ್ವಶಕ್ತಿಯನ್ನು ಹೊಮ್ಮಿಸುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ 3.9 ಸೆಕೆಂಡು ಸಾಕು. ಈ ಅಂಕಿಗಳೆಲ್ಲ ಬ್ರೋಷರಿನಲ್ಲೇ ಇವೆ. ಅಲ್ಲಿ ಸಿಗದೆ ಇರುವುದು ಚಾವಣಿ ಮುಚ್ಚಿದಾಗ ಒಳಗೆ ಎಷ್ಟು ಸದ್ದು, ತೆರೆದಾಗ ಎಷ್ಟು ಗಾಳಿ, ಹಂಪ್ ಹತ್ತಿಳಿಯುವಾಗ ಬಾಡಿ ಎಷ್ಟು ನಡುಗುತ್ತದೆ ಎಂಬ ಮಾಹಿತಿ. ಆದ್ದರಿಂದ ಇಂಥ ಕಾರಿನಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಚಾವಣಿಯನ್ನು, ಎಂಜಿನ್‌ನ ಸರದಿ ಆಮೇಲೆ ಎಂಬುದು ನನ್ನ ನಿಲುವು.

ಪೂರ್ತಿಯಾಗಿ ಹೊರದೇಶದಲ್ಲಿ ತಯಾರಾಗಿ ಆಮದಾಗುವ ಈ ಕಾರುಗಳ ಡೆಮೊ ವಾಹನ ಎಲ್ಲ ಷೋರೂಮಿನಲ್ಲೂ ಸದಾ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಅದೇ ಎಂಜಿನ್ ಇರುವ, ಗಟ್ಟಿ ಚಾವಣಿಯ ಕೂಪೆ (ಎರಡು ಬಾಗಿಲಿನ ಕಾರು) ಅಥವಾ ಸೆಡಾನ್ ಓಡಿಸಿ ನೋಡಿ ಎಂಬ ಸಲಹೆ ಬಂದರೆ ನಯವಾಗಿ ನಿರಾಕರಿಸಿ. ಎಂಜಿನ್ ಒಂದೇ ಆದರೂ ಕಾರು ಬೇರೆ. ನೀವು ಕೊಳ್ಳಲಿರುವ ಮಾದರಿಯೇ ಬರುವವರೆಗೆ ಕಾಯುವುದು ಒಳ್ಳೆಯದು. ಅದಕ್ಕೆ ಮೊದಲೇ ಬುಕಿಂಗ್ ಹಣ ಕೊಡಬೇಕಾಗಿ ಬಂದರೆ, ಟೆಸ್ಟ್ ಡ್ರೈವ್ ಬಳಿಕ ಬೇಡವೆಂದರೆ ಪೂರ್ಣ ಮೊತ್ತ ಹಿಂತಿರುಗಿಸುವ ಷರತ್ತನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಿ. ಚಾಲನಾ ಪರವಾನಗಿಯ ಮೂಲ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳಿ, ಡೆಮೊ ಕಾರಿನ ನೋಂದಣಿ ಮತ್ತು ವಿಮೆ ಚಾಲ್ತಿಯಲ್ಲಿವೆಯೇ ಎಂದು ಕೇಳಿ. ಹೊರಡುವ ಮುನ್ನ ಸಹಿಗೆಂದು ಮುಂದಿಡುವ ಕಾಗದದಲ್ಲಿ, ಗೀರು ಅಥವಾ ಅಪಘಾತವಾದರೆ ವಿಮೆ ಭರಿಸದ ಮೊತ್ತ ಯಾರ ತಲೆಗೆ ಬೀಳುತ್ತದೆ ಎಂಬ ಸಾಲನ್ನು ಹುಡುಕಿ ಓದಿದ ಮೇಲೆಯೇ ಸಹಿ ಹಾಕಿ. ಈ ದರ್ಜೆಯ ಕಾರಿನ ಒಂದು ಹೆಡ್‌ಲ್ಯಾಂಪಿನ ಬೆಲೆಯೂ ಸಣ್ಣದಲ್ಲ.

ಸಮಯದ ಆಯ್ಕೆಯನ್ನು ಷೋರೂಮಿನವರಿಗೆ ಬಿಡಬೇಡಿ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬೆಂಗಳೂರಿನಲ್ಲಿ ಯಾವ ಕನ್ವರ್ಟಿಬಲ್ ಆದರೂ ಸೊಗಸಾಗಿಯೇ ಕಾಣುತ್ತದೆ. ಸಾಧ್ಯವಾದರೆ ಎರಡು ಬಾರಿ ಓಡಿಸಲು ಕೇಳಿ: ಒಮ್ಮೆ ರಸ್ತೆ ಖಾಲಿ ಇರುವ ಮುಂಜಾನೆ, ಇನ್ನೊಮ್ಮೆ ಬಿಸಿಲು ಏರಿದ ಮೇಲೆ, ಮಾಮೂಲಿ ವಾಹನ ದಟ್ಟಣೆಯ ನಡುವೆ. ಈ ಎರಡನೆಯ ಸುತ್ತಿನಲ್ಲಿ ನೆತ್ತಿಯ ಮೇಲಿನ ಬಿಸಿಲು ಎಷ್ಟು ಹೊತ್ತು ಸಹ್ಯ, ಚರ್ಮದ ಸೀಟು ಎಷ್ಟು ಕಾಯುತ್ತದೆ, ಪರದೆಯ ಮೇಲಿನ ಅಕ್ಷರಗಳು ಬೆಳಕಿಗೆ ಮಾಸಿಹೋಗುತ್ತವೆಯೇ ಎಂಬುದೆಲ್ಲ ತಾನಾಗಿಯೇ ಗೊತ್ತಾಗುತ್ತದೆ. ಎಸ್‌ಎಲ್ ಕಾರಿನ ನಡುವಿನ ಪರದೆಯನ್ನು 12 ಡಿಗ್ರಿಯಿಂದ 32 ಡಿಗ್ರಿಯವರೆಗೆ ವಾಲಿಸುವ ಏರ್ಪಾಡು ಇರುವುದು ಈ ಪ್ರತಿಫಲನದ ತೊಂದರೆಗಾಗಿಯೇ. ಸಿಗ್ನಲ್‌ನಲ್ಲಿ ಚಾವಣಿ ತೆರೆದು ನಿಂತಾಗ ಪಕ್ಕದ ಬಿಎಂಟಿಸಿ ಬಸ್ಸಿನ ಪ್ರಯಾಣಿಕರೆಲ್ಲ ನಿಮ್ಮ ಮಡಿಲಲ್ಲಿ ಏನಿದೆ ಎಂದು ನೋಡಬಲ್ಲರು; ಲಾರಿಯ ಹೊಗೆ ನೇರವಾಗಿ ಮುಖಕ್ಕೇ ಬರುತ್ತದೆ. ಇದನ್ನು ಒಪ್ಪಿಕೊಳ್ಳುವ ಸ್ವಭಾವ ನಿಮ್ಮದು ಹೌದೋ ಅಲ್ಲವೋ ಎಂಬುದನ್ನೂ ಆಗಲೇ ತಿಳಿದುಕೊಳ್ಳಬಹುದು.

ಕಾರು ಇನ್ನೂ ಷೋರೂಮಿನ ಅಂಗಳದಲ್ಲಿರುವಾಗಲೇ ಚಾವಣಿಯನ್ನು ನೀವೇ ತೆರೆದು ಮುಚ್ಚಿ ನೋಡಿ. ಎಸ್‌ಎಲ್‌ನ ಬಟ್ಟೆಯ ಚಾವಣಿ ಸುಮಾರು 15 ಸೆಕೆಂಡಿನಲ್ಲಿ ಮಡಿಚಿಕೊಳ್ಳುತ್ತದೆ, ಗಂಟೆಗೆ 60 ಕಿ.ಮೀ. ವೇಗದವರೆಗೆ ಚಲಿಸುತ್ತಿರುವಾಗಲೂ ಈ ಕೆಲಸ ನಡೆಯುತ್ತದೆ. ಪೋರ್ಷೆ 911 ಕ್ಯಾಬ್ರಿಯೋಲೆ ಸುಮಾರು 12 ಸೆಕೆಂಡು, ಬಿಎಂಡಬ್ಲ್ಯು ಝಡ್4 ಸುಮಾರು 10 ಸೆಕೆಂಡು ತೆಗೆದುಕೊಳ್ಳುತ್ತವೆ; ಇವೆರಡರ ವೇಗದ ಮಿತಿ 50 ಕಿ.ಮೀ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ ಹೇಳದೆ ಕೇಳದೆ ಸುರಿಯುವ ಮಳೆಯನ್ನು ಕಂಡವರಿಗೆ ಈ ಸೆಕೆಂಡುಗಳ ಬೆಲೆ ಗೊತ್ತು. ಚಾವಣಿ ಚಲಿಸುವಾಗ ಎಲ್ಲಿಯಾದರೂ ತಡವರಿಸುತ್ತದೆಯೇ, ಕಟಕಟ ಸದ್ದು ಬರುತ್ತದೆಯೇ, ಮುಚ್ಚಿಕೊಂಡ ಮೇಲೆ ಮುಂಗಾಜಿನ ಮೇಲಂಚಿಗೆ ಎರಡೂ ಬದಿಯಲ್ಲಿ ಸಮನಾಗಿ ಕೂರುತ್ತದೆಯೇ ಎಂದು ಗಮನಿಸಿ. ಮಡಿಚುವಾಗ ಅದು ಕಾರಿಗಿಂತ ಎತ್ತರಕ್ಕೆ ಏರಿ ಇಳಿಯುವುದರಿಂದ, ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪೈಪುಗಳು ಎಷ್ಟು ಕೆಳಗಿವೆ ಎಂಬುದನ್ನು ನೆನಪಿಸಿಕೊಳ್ಳಿ.

ಮಳೆಗಾಲದವರೆಗೆ ಕಾಯದೆ ನೀರಿನ ಪರೀಕ್ಷೆ ಮಾಡಲು ಒಂದು ಸುಲಭ ದಾರಿಯಿದೆ. ಚಾವಣಿ ಮುಚ್ಚಿದ ಡೆಮೊ ಕಾರಿಗೆ ಸರ್ವಿಸ್ ವಿಭಾಗದಲ್ಲಿ ಸಾಮಾನ್ಯ ಪೈಪಿನಿಂದ ನೀರು ಹಾಯಿಸಲು ಕೇಳಿಕೊಂಡು, ನೀವು ಒಳಗೆ ಕುಳಿತು ಬಾಗಿಲ ಗಾಜು ಮತ್ತು ಚಾವಣಿ ಸೇರುವ ರಬ್ಬರ್ ಸೀಲಿನ ಮೇಲೆ ಬೆರಳಾಡಿಸಿ. ಚಾವಣಿಯ ಬುಡದಲ್ಲಿ ಸೇರುವ ನೀರನ್ನು ಹೊರಹಾಕುವ ಕಾಲುವೆಗಳು ಎಲ್ಲಿವೆ, ಅವನ್ನು ಎಷ್ಟು ದಿನಕ್ಕೊಮ್ಮೆ ಸ್ವಚ್ಛಗೊಳಿಸಬೇಕು ಎಂಬುದನ್ನು ಸರ್ವಿಸ್ ವಿಭಾಗದವರಿಂದಲೇ ಕೇಳಿ ತಿಳಿಯಿರಿ. ಮಳೆಮರ ಮತ್ತು ಗುಲ್‌ಮೊಹರ್ ಮರಗಳ ಕೆಳಗೆ ಕಾರು ನಿಲ್ಲಿಸುವವರಿಗೆ ಇದು ಮುಖ್ಯ, ಏಕೆಂದರೆ ಆ ಮರಗಳ ಸಣ್ಣ ಎಲೆಗಳು ಈ ಕಾಲುವೆಗಳಲ್ಲಿ ಕಟ್ಟಿಕೊಂಡರೆ ನೀರು ಕಾರಿನ ಒಳಕ್ಕೆ ದಾರಿ ಹುಡುಕುತ್ತದೆ.

ಇನ್ನು ರಸ್ತೆ. ಮಾಮೂಲಿ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಕಂಬಗಳನ್ನು ಲೋಹದ ಚಾವಣಿ ಬಿಗಿಯಾಗಿ ಬೆಸೆದಿರುತ್ತದೆ. ಅದನ್ನು ತೆಗೆದಾಗ ಬಾಡಿ ತಿರುಚಿಕೊಳ್ಳುವ ಗುಣ ಹೆಚ್ಚುತ್ತದೆ. ಅದನ್ನು ತಡೆಯಲು ತಯಾರಕರು ಬಾಗಿಲ ಕೆಳಗಿನ ಪಟ್ಟಿಗಳನ್ನೂ ನೆಲವನ್ನೂ ಬಲಪಡಿಸುತ್ತಾರೆ, ಹಾಗಾಗಿ ತೂಕ ಏರುತ್ತದೆ. 911 ಕರೆರಾದ ಕೂಪೆಗಿಂತ ಕ್ಯಾಬ್ರಿಯೋಲೆ ಸುಮಾರು 70 ಕೆ.ಜಿ. ಹೆಚ್ಚು ತೂಗುತ್ತದೆ. ಈ ಬಲವರ್ಧನೆ ಎಷ್ಟರ ಮಟ್ಟಿಗೆ ಸಫಲವಾಗಿದೆ ಎಂಬುದು ನುಣುಪಾದ ರಸ್ತೆಯಲ್ಲಿ ತಿಳಿಯುವುದಿಲ್ಲ. ಷೋರೂಮಿನವರ ನಿಗದಿತ ಸುತ್ತು ಸಾಮಾನ್ಯವಾಗಿ ಅಂಥ ನುಣುಪು ರಸ್ತೆಯದೇ ಆಗಿರುವುದರಿಂದ, ನಿಮ್ಮ ದಾರಿಯನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ನಗರದ ನಡುವೆ ಚರ್ಚ್ ಸ್ಟ್ರೀಟಿನ ಕಲ್ಲುಹಾಸು ಮುಂಜಾನೆಯ ಹೊತ್ತಿನಲ್ಲಿ ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುತ್ತ ಒಳಗನ್ನಡಿಯನ್ನು ನೋಡಿ: ಅದರಲ್ಲಿನ ಬಿಂಬ ಅದುರಿ ಮಸುಕಾಗುತ್ತಿದ್ದರೆ, ಸ್ಟೇರಿಂಗ್ ಹಿಡಿದ ಕೈಗೆ ಸಣ್ಣ ನಡುಕ ತಲುಪುತ್ತಿದ್ದರೆ, ಮುಂಗಾಜಿನ ಚೌಕಟ್ಟೇ ಕದಲಿದಂತೆ ಅನಿಸಿದರೆ, ಬಾಡಿ ತಿರುಚಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಅದೇ ತುಣುಕನ್ನು ಚಾವಣಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ, ಸಸ್ಪೆನ್ಷನ್ನನ್ನು ಕಂಫರ್ಟ್‌ನಲ್ಲಿ ಇಟ್ಟು ಮತ್ತು ಸ್ಪೋರ್ಟ್‌ನಲ್ಲಿ ಇಟ್ಟು ಹಾಯ್ದು ಹೋಲಿಸಿ. ಸ್ಪೋರ್ಟ್‌ನಲ್ಲಿ ಸಹಿಸಲಾಗದಿದ್ದರೆ ಆ ಗುಂಡಿಯನ್ನು ನೀವು ಮುಂದೆಂದೂ ಒತ್ತುವುದಿಲ್ಲ.

ಹಂಪ್‌ಗಳ ವಿಷಯ ಬೇರೆಯೇ. ಈ ಕಾರುಗಳು ನೆಲಕ್ಕೆ ತೀರಾ ಹತ್ತಿರ. ಕೆಲವು ಮಾದರಿಗಳಲ್ಲಿ ಗುಂಡಿಯೊತ್ತಿ ಮುಂಭಾಗವನ್ನು ಮೂರು ನಾಲ್ಕು ಸೆಂಟಿಮೀಟರಿನಷ್ಟು ಎತ್ತುವ ವ್ಯವಸ್ಥೆ ಇರುತ್ತದೆ. ನೀವು ಓಡಿಸುತ್ತಿರುವ ಡೆಮೊ ಕಾರಿನಲ್ಲಿ ಅದಿದೆಯೇ, ಇದ್ದರೆ ಅದು ಬೆಲೆಯಲ್ಲಿ ಸೇರಿದೆಯೇ ಅಥವಾ ಬೇರೆ ದುಡ್ಡೇ ಎಂದು ಖಚಿತಪಡಿಸಿಕೊಳ್ಳಿ. ಇದಕ್ಕಿಂತ ಉತ್ತಮ ಉಪಾಯವೆಂದರೆ ಕಾರನ್ನು ಮನೆಗೇ ತರಿಸಿಕೊಳ್ಳುವುದು. ಈ ದರ್ಜೆಯ ಗ್ರಾಹಕರು ಕೇಳಿದರೆ ಮಾರಾಟಗಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ನಿಮ್ಮ ಬೀದಿಯ ಹಂಪ್, ನಿಮ್ಮ ಗೇಟಿನ ಇಳಿಜಾರು, ನಿಮ್ಮ ನೆಲಮಾಳಿಗೆಯ ತಿರುವು ಇವುಗಳನ್ನು ಕಾರು ತಳ ಉಜ್ಜದೆ ದಾಟಿದರೆ ಅರ್ಧ ಚಿಂತೆ ಕಳೆದಂತೆ.

ವೇಗಕ್ಕೆ ವಿಮಾನ ನಿಲ್ದಾಣದ ರಸ್ತೆಯನ್ನು ಆರಿಸಿಕೊಳ್ಳಬಹುದು. ಅಲ್ಲಿನ ಮಿತಿ ಗಂಟೆಗೆ 80 ಕಿ.ಮೀ. ಮೈಸೂರು ಹೆದ್ದಾರಿಯಲ್ಲಿ 100. ಈ ಮಿತಿಯೊಳಗೇ ಗಾಳಿಯ ಪರೀಕ್ಷೆ ಮುಗಿಯುತ್ತದೆ. ತೆರೆದ ಕಾರಿನಲ್ಲಿ ಗಾಳಿ ಮುಂದಿನಿಂದ ಬಂದು ಮುಖಕ್ಕೆ ಹೊಡೆಯುತ್ತದೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಮುಂಗಾಜಿನ ಮೇಲಿಂದ ಹಾರಿಹೋದ ಗಾಳಿಯಿಂದಾಗಿ ಸೀಟುಗಳ ಮೇಲೆ ಒತ್ತಡ ಕಡಿಮೆಯಾಗಿ, ಹಿಂದಿನ ಗಾಳಿ ಸುಳಿಯಾಗಿ ಕುತ್ತಿಗೆಯ ಕಡೆಗೆ ನುಗ್ಗುತ್ತದೆ. ಗಾಳಿತಡೆಯನ್ನು ಸೀಟಿನ ಹಿಂದೆ ಇಡುವುದು ಈ ಕಾರಣಕ್ಕೆ. 911ರಲ್ಲಿ ಅದು ಗುಂಡಿಯೊತ್ತಿದರೆ ಎರಡು ಸೆಕೆಂಡಿನಲ್ಲಿ ತಾನೇ ಮೇಲೇಳುತ್ತದೆ. ಕೆಲವು ಕಾರುಗಳಲ್ಲಿ ಕೈಯಿಂದ ಜೋಡಿಸಬೇಕು. ಬಾಗಿಲ ಗಾಜು ಇಳಿಸಿ, ಏರಿಸಿ, ಗಾಳಿತಡೆ ಹಾಕಿ, ತೆಗೆದು, ಪ್ರತಿ ಬಾರಿಯೂ ಪಕ್ಕದವರೊಂದಿಗೆ ಸಹಜ ದನಿಯಲ್ಲಿ ಮಾತನಾಡಿ ನೋಡಿ. ನಂತರ ಚಾವಣಿ ಮುಚ್ಚಿ, ಹಾಡು ನಿಲ್ಲಿಸಿ, ಅದೇ ವೇಗದಲ್ಲಿ ಲಾರಿಯೊಂದರ ಪಕ್ಕ ಸಾಗಿ: ಬಟ್ಟೆಯ ಚಾವಣಿಯ ಗುಣಮಟ್ಟ ಅಲ್ಲಿ ಬಯಲಾಗುತ್ತದೆ. ಹೆಬ್ಬಾಳದಿಂದ ಮುಂದಿನ ಎತ್ತರದ ರಸ್ತೆಯ ಸೇತುವೆ ಕೀಲುಗಳನ್ನು ದಾಟುವಾಗ ಡ್ಯಾಶ್‌ಬೋರ್ಡಿನಿಂದ ಕಿರುಗುಟ್ಟುವ ಸದ್ದು ಬಂದರೆ ಗುರುತು ಹಾಕಿಕೊಳ್ಳಿ.

ಎಂಜಿನ್ನಿಗೆ ಒಂದೇ ಒಂದು ಬಾರಿ, ಮುಂದೆ ಹಿಂದೆ ವಾಹನವಿಲ್ಲದ ಕಡೆ, ಪಕ್ಕದವರಿಗೆ ತಿಳಿಸಿ ಮಿತಿಯೊಳಗೆ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತನ್ನು ತೆವಳುವ ಟ್ರಾಫಿಕ್ಕಿಗೆ ಕೊಡಿ. ಇಂಥ ಗೇರ್‌ಬಾಕ್ಸ್‌ಗಳ ಗುಣ ತಿಳಿಯುವುದು ಗಂಟೆಗೆ ಐದು ಹತ್ತು ಕಿ.ಮೀ. ವೇಗದಲ್ಲಿ ಬ್ರೇಕ್ ಬಿಟ್ಟು ಹಿಡಿಯುವಾಗಲೇ. ಚಾವಣಿ ಮುಚ್ಚಿದಾಗ ಹಿಂದಿನ ಗಾಜು ಚಿಕ್ಕದಾಗುತ್ತದೆ, ಬದಿಯ ನೋಟ ಮರೆಯಾಗುತ್ತದೆ, ಆದ್ದರಿಂದ ಆ ಸ್ಥಿತಿಯಲ್ಲೇ ಒಮ್ಮೆ ರಿವರ್ಸ್ ಪಾರ್ಕಿಂಗ್ ಮಾಡಿ. ಹಿಂದಿನ ಸೀಟು ಇದೆ ಎಂದು ನಂಬಿ ಕೊಳ್ಳುವವರು ಅಲ್ಲಿ ಕೂರಬೇಕಾದವರನ್ನೇ ಕರೆತರಬೇಕು. ಎಸ್‌ಎಲ್‌ನ ಹಿಂದಿನ ಸೀಟು 1.5 ಮೀಟರ್ ಎತ್ತರದವರೆಗಿನವರಿಗೆ ಎಂದು ತಯಾರಕರೇ ಹೇಳುತ್ತಾರೆ. ಚಾವಣಿ ಮಡಿಚಿಟ್ಟಾಗ ಡಿಕ್ಕಿಯಲ್ಲಿ ಉಳಿಯುವ ಜಾಗವನ್ನು ಅಳೆಯಲು ನಿಮ್ಮದೇ ಸೂಟ್‌ಕೇಸನ್ನು ಒಯ್ಯಿರಿ. ಇಂಧನದ ಮುಚ್ಚಳದ ಒಳಗಿನ ಚೀಟಿಯಲ್ಲಿ ಕೇಳಿರುವ ಆಕ್ಟೇನ್, ಅಂದರೆ ಪೆಟ್ರೋಲಿನ ದರ್ಜೆ ಸೂಚಿಸುವ ಸಂಖ್ಯೆ, 95 ಇದೆಯೋ 98 ಇದೆಯೋ ನೋಡಿ. 98 ಆಗಿದ್ದರೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 ಎಂಬ 100 ಆಕ್ಟೇನಿನ ಪೆಟ್ರೋಲ್ ಸಿಗುವ ಬಂಕ್ ನಿಮ್ಮ ದಾರಿಯಲ್ಲಿದೆಯೇ ಎಂದು ವಿಚಾರಿಸಿಡಬೇಕು.

ಷೋರೂಮಿಗೆ ಮರಳಿದ ಮೇಲೆ ಕಾಫಿ ಕುಡಿಯಿರಿ, ಸಹಿ ಮಾತ್ರ ಅಂದೇ ಬೇಡ. ಆನ್‌ರೋಡ್ ಬೆಲೆಯ ವಿವರವನ್ನು ಬರಹದಲ್ಲಿ ಪಡೆಯಿರಿ. 20 ಲಕ್ಷ ರೂಪಾಯಿಗೂ ಹೆಚ್ಚಿನ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯ ಮೂಲ ದರ ಶೇ 18, 2.35 ಕೋಟಿಯ ಕಾರಿಗೆ ಅದೊಂದೇ 42 ಲಕ್ಷ ದಾಟುತ್ತದೆ, ಉಪಕರ ಬೇರೆ. ಅದರೊಂದಿಗೆ ಚಾವಣಿಯ ಬಟ್ಟೆ ಹರಿದರೆ ಬದಲಿಸುವ ವೆಚ್ಚವೆಷ್ಟು, ಬಿಡಿಭಾಗ ಬರಲು ಎಷ್ಟು ವಾರ ಬೇಕು ಎಂದೂ ಬರೆಸಿಕೊಳ್ಳಿ. ಸಾಮಾನ್ಯ ವಿಮೆಯಲ್ಲಿ ರಬ್ಬರ್, ನೈಲಾನ್ ಮತ್ತು ಪ್ಲಾಸ್ಟಿಕ್ ಭಾಗಗಳ ಮೇಲೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಚಾವಣಿಯ ಬಟ್ಟೆ ಮತ್ತು ಸೀಲುಗಳನ್ನು ವಿಮಾ ಕಂಪನಿ ಯಾವ ವರ್ಗಕ್ಕೆ ಸೇರಿಸುತ್ತದೆ, ಸವಕಳಿರಹಿತ (ಜೀರೊ ಡೆಪ್) ಪಾಲಿಸಿ ತೆಗೆದುಕೊಂಡರೆ ಅವೆಲ್ಲ ಅದರೊಳಗೆ ಬರುತ್ತವೆಯೇ ಎಂಬ ಪ್ರಶ್ನೆಗೆ ಕಂಪನಿಯಿಂದ ಇಮೇಲ್ ಮೂಲಕ ಉತ್ತರ ತರಿಸಿಕೊಂಡ ಬಳಿಕ ಬುಕಿಂಗ್ ಫಾರಂ ತುಂಬಬಹುದು.