ನಾರಣಪ್ಪನ ಹೆಣ ಮತ್ತು ನಮ್ಮೂರ ಗ್ರಂಥಾಲಯ

ನಾನು ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಒಂದೇ ಕೋಣೆ, ಎರಡು ಬೀರು, ಒಂದು ಉದ್ದನೆ ಮೇಜು. ಕೊರೊನಾ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಗೆ ಬೀಗ ಹಾಕಿದ್ದು. ಮತ್ತೆ ತೆಗೆಯುವಷ್ಟರಲ್ಲಿ ಊರಲ್ಲಿ ಏಳು ಜನ ಹೋಗಿದ್ದರು. ದಿನಾ ಪೇಪರ್ ಓದಲು ಬರುತ್ತಿದ್ದ ರಿಟೈರ್ಡ್ ಮೇಷ್ಟ್ರೂ ಅವರಲ್ಲಿ ಒಬ್ಬರು. ಅವರು ಒಯ್ದಿದ್ದ ಪತ್ತೇದಾರಿ ಕಾದಂಬರಿಯನ್ನು ಸೊಸೆ ವಾಪಸ್ ತಂದುಕೊಟ್ಟಳು. ಸ್ಯಾನಿಟೈಸರ್‌ನಲ್ಲಿ ಒರೆಸಿ ಒರೆಸಿ ರಟ್ಟಿನ ಬಣ್ಣವೇ ಹೋಗಿತ್ತು.

ಆಗಸ್ಟ್‌ನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಮಾಡಿದೆ. ಬ್ಯಾನರ್, ಮೈಕು, ಭಾಷಣ. 'ಧೈರ್ಯ ತಂದುಕೊಳ್ಳಿ' ಅಂದರು. ಸತ್ತವರ ಮನೆಯವರು ಒಬ್ಬರೂ ಬಾಯಿ ಬಿಡಲಿಲ್ಲ, ಕಾಫಿ ಕುಡಿದು ಎದ್ದು ಹೋದರು. ತಪ್ಪು ನನ್ನದೇ. ನೊಂದವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಮಾತಾಡಿ ಅಂದರೆ ಯಾರು ಮಾತಾಡುತ್ತಾರೆ?

ಆಮೇಲೆ ಓದೋಣ ಅನ್ನಿಸಿತು. ಶನಿವಾರ ಸಂಜೆ, ಡೇರಿಗೆ ಹಾಲು ಹಾಕಿ ಬಂದ ಮೇಲೆ. ಮೈಕಿಲ್ಲ, ಅಧ್ಯಕ್ಷರಿಲ್ಲ, ನೆಲಕ್ಕೆ ಜಮಖಾನ. ಬಂದವರು ಹನ್ನೊಂದು ಜನ, ಅರ್ಧಕ್ಕರ್ಧ ಓದು ಬಾರದವರು. ಹಾಗಾಗಿ ನಾನೇ ಜೋರಾಗಿ ಓದಿದೆ. ಒಂದು ಸಲಕ್ಕೆ ಹತ್ತು ಪುಟ, ಜಾಸ್ತಿ ಇಲ್ಲ.

ಆರಿಸಿದ್ದು ಅನಂತಮೂರ್ತಿಯವರ 'ಸಂಸ್ಕಾರ'. 1965ರ ಕಾದಂಬರಿ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ ಹಿಡಿಸಿಕೊಂಡು ಬಂದು ಸಾಯುತ್ತಾನೆ. ಪ್ಲೇಗು. ಆದರೆ ಅಗ್ರಹಾರದವರ ತಲೆನೋವು ಬೇರೆ. ಆಚಾರ ಬಿಟ್ಟವನ ಹೆಣ ಸುಡುವವರು ಯಾರು? ಹೆಣ ಎತ್ತುವ ತನಕ ಯಾರೂ ಊಟ ಮಾಡುವಂತಿಲ್ಲ.

'ಬ್ರಾಹ್ಮಣರ ಕತೆ ನಮಗ್ಯಾಕವ್ವ?' ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ, 'ಹೆಣ ಯಾರ ಮನೇದಾದ್ರೂ ಹೆಣಾನೇ, ಓದವ್ವ' ಅಂದಿತು.

ಜಗಳದ ಜಾಗಕ್ಕೆ ಬಂದು ನಿಲ್ಲಿಸಿದೆ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಾಕೆ, 'ನಮ್ಮ ಮನೆಯವರನ್ನ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದ್ರು. ಮುಖ ನೋಡೋಕೂ ಆಗಲಿಲ್ಲ' ಅಂದಳು. ಆಮೇಲೆ ಬಾಗಿಲ ಹತ್ತಿರ ಕೂತಿದ್ದ ಒಬ್ಬರು ತಲೆ ಎತ್ತದೆ ಹೇಳಿದರು: 'ಊರೊಳಕ್ಕೆ ಹೆಣ ತರಬೇಡಿ ಅಂದವರಲ್ಲಿ ನಾನೂ ಇದ್ದೆ.' ಆಕೆ ಅವರನ್ನು ನೋಡಿದಳು, ಏನೂ ಅನ್ನಲಿಲ್ಲ. ಸಮಾಧಾನ ಮಾಡಲು ನನ್ನ ನಾಲಿಗೆ ತುರಿಸುತ್ತಿತ್ತು. ತಡೆದುಕೊಂಡು ಮುಂದಿನ ಸಾಲು ಓದಿದೆ. ಅವತ್ತು ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ.

ಆಮೇಲಿನ ವಾರಗಳಲ್ಲಿ ಓದಿಗಿಂತ ಮಾತೇ ಜಾಸ್ತಿಯಾಯಿತು. ಕೊನೆಗೆ ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಮೀನು ಮಾರುವ ಅಹ್ಮದ್ ಬ್ಯಾರಿಯ ಸಹಾಯದಿಂದ ರಾತ್ರಿ ಹೆಣ ಸುಡಿಸುತ್ತಾಳಲ್ಲ, ಆ ಭಾಗ ಬಂದಾಗ ಎಲ್ಲರಿಗೂ ನೆನಪಾಗಿದ್ದು ಪಿಪಿಇ ಕಿಟ್ ಹಾಕಿಕೊಂಡು ಬಂದಿದ್ದ ಪೇಟೆಯ ಸಾಬರ ಹುಡುಗರು. ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ತನ್ನ ಅತ್ತೆಯಿಂದ ಕೇಳಿದ ಪ್ಲೇಗಿನ ಕತೆ ತೆಗೆಯಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ.

ಒಂದು ಸಂಜೆ ಒಬ್ಬ ಹುಡುಗ ನಡುವೆಯೇ ಎದ್ದು ಹೋದ. ಹಿಂದೆ ಓಡಲಿಲ್ಲ. ಬೆಳಿಗ್ಗೆ ಅವರ ಮನೆಗೆ ಹೋಗಿ ಸುಮ್ನೆ ಕೂತು ಬಂದೆ. ಮುಂದೆ ಕೊರೊನಾ ಸಾವಿನ 50,000 ರೂಪಾಯಿ ಪರಿಹಾರದ ಅರ್ಜಿ ಬಂದಾಗ ಕಾಗದಪತ್ರ ಹಿಡಿದು ಮೊದಲು ಬಂದವನು ಅವನೇ.

ಪಿತೃಪಕ್ಷದ ಶನಿವಾರ ಓದಿಗೆ ಯಾರೂ ಬರಲಿಲ್ಲ. ಮನೆಮನೆಯಲ್ಲೂ ಎಡೆ ಇಡುವ ಕೆಲಸ. ಬೀಗ ಹಾಕುವ ಹೊತ್ತಿಗೆ ಮೇಷ್ಟ್ರ ಸೊಸೆ ಬಂದಳು. 'ಅಕ್ಕಾ, ಆ ಪತ್ತೇದಾರಿ ಬುಕ್ ಒಂದಿನಕ್ಕೆ ಕೊಡ್ತೀರಾ? ಮಾವನಿಗೆ ಇಷ್ಟ, ಎಡೆ ಜೊತೆ ಇಡ್ಬೇಕು.'

ರಿಜಿಸ್ಟರ್‌ನಲ್ಲಿ ಮೇಷ್ಟ್ರ ಹೆಸರಲ್ಲೇ ಬರೆದುಕೊಂಡೆ.